ಶುಗರ್ ಒಂದೇ ನೋಡಿದರೆ ಸಾಲದು: ಕೀಟೋನ್ ಚೆಕ್ ಮಾಡುವುದು ಹೇಗೆ, ಯಾವಾಗ ಆಸ್ಪತ್ರೆಗೆ ಓಡಬೇಕು

ಇನ್ಸುಲಿನ್ ತಗೊಳ್ಳುವವರಿರುವ ಮನೆಯಲ್ಲಿ, ಜ್ವರ ಬಂದು ವಾಂತಿ ಶುರುವಾದ ದಿನ ಒಂದು ಮಾತು ಬಂದೇ ಬರುತ್ತದೆ. "ಹೊಟ್ಟೆಗೆ ಏನೂ ಹೋಗಿಲ್ಲ, ಇವತ್ತು ಇನ್ಸುಲಿನ್ ಬೇಡ ಬಿಡು." ಶುಗರ್ ಲೋ ಆಗಿಬಿಟ್ಟರೆ ಅನ್ನುವ ಭಯಕ್ಕೆ, ಕಾಳಜಿಯಿಂದಲೇ ಹೇಳುವ ಮಾತು. ಆದರೆ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋದ ಥರದ ಶುಗರ್ ಕಾಯಿಲೆ, ಇರುವವರು ಐಸಿಯು ಸೇರುವುದಕ್ಕೆ ಇರುವ ಕಾರಣಗಳಲ್ಲಿ ಇದು ತೀರಾ ಸಾಮಾನ್ಯವಾದದ್ದು. ಊಟ ಮಾಡದ ದಿನವೂ ಮೈಗೆ ಇನ್ಸುಲಿನ್ ಬೇಕು. ಕಾಯಿಲೆ ಬಿದ್ದ ದಿನವಂತೂ ಎಷ್ಟೋ ಸಲ ಮಾಮೂಲಿಗಿಂತ ಜಾಸ್ತಿಯೇ ಬೇಕಾಗುತ್ತದೆ.

ಈ ಲೇಖನ ಬರೆಯುತ್ತಿರುವುದು ಆ ಒಂದು ದಿನಕ್ಕಾಗಿ. ಗ್ಲುಕೋಮೀಟರ್ ಈಗ ಬಹಳ ಮನೆಗಳಲ್ಲಿದೆ. ಕೀಟೋನ್ ಸ್ಟ್ರಿಪ್ ಇರುವ ಮನೆ ಮಾತ್ರ ಅಪರೂಪ. ಶುಗರ್ 280 ಬಂದರೆ ಗಾಬರಿಯಾಗುತ್ತೇವೆ, 160 ಬಂದರೆ ಸಮಾಧಾನವಾಗುತ್ತೇವೆ. ಅದೇ 280 ಕೆಲವು ಸಲ ಬರೀ ಮದುವೆ ಊಟದ್ದಾಗಿರಬಹುದು, ಅದೇ 160 ಕೆಲವು ಸಲ ಜೀವಕ್ಕೇ ಕುತ್ತು ತರುವ ಸ್ಥಿತಿಯಾಗಿರಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವುದು ಕೀಟೋನ್ ಟೆಸ್ಟ್.

ಮೊದಲು, ಕೀಟೋನ್ ಅಂದರೇನು

ಸಕ್ಕರೆ ಜೀವಕೋಶದ ಒಳಗೆ ಹೋಗಿ ಶಕ್ತಿಯಾಗಬೇಕಾದರೆ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದೇ ಹೋದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈಗೆ ಅದು ಸಿಗುವುದಿಲ್ಲ. ಆಗ ದೇಹ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ, ಆ ಕೊಬ್ಬನ್ನು ಲಿವರ್ ಕೀಟೋನ್ ಆಗಿ ಮಾರ್ಪಡಿಸುತ್ತದೆ. ರಾತ್ರಿ ಊಟ ಬಿಟ್ಟು ಮಲಗಿದವರಿಗೂ ಬೆಳಗ್ಗೆ ಸ್ವಲ್ಪ ಕೀಟೋನ್ ಇರುತ್ತದೆ, ಅದರಿಂದ ಏನೂ ತೊಂದರೆ ಇಲ್ಲ. ಯಾಕೆಂದರೆ ಅವರ ಮೈಯಲ್ಲಿ ಇನ್ಸುಲಿನ್ ಇದೆ, ಕೊಬ್ಬು ಕರಗುವುದಕ್ಕೆ ಅದೇ ಬ್ರೇಕ್. ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟರೆ ಆ ಬ್ರೇಕ್ ಇರುವುದಿಲ್ಲ.

ಕೀಟೋನ್ ಆಮ್ಲ. ಜಾಸ್ತಿಯಾದರೆ ರಕ್ತವೇ ಹುಳಿಯಾಗುತ್ತಾ ಹೋಗುತ್ತದೆ. ಆ ಆಮ್ಲವನ್ನು ಹೊರಹಾಕಲು ಮೈ ಜೋರಾಗಿ, ಆಳವಾಗಿ ಉಸಿರಾಡುತ್ತದೆ. ಇತ್ತ ಜಾಸ್ತಿಯಾದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಉಪ್ಪನ್ನೂ ಪೊಟ್ಯಾಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ಕೀಟೋನ್‌ನಿಂದ ವಾಂತಿ ಬರುತ್ತದೆ, ವಾಂತಿಯಿಂದ ಇನ್ನಷ್ಟು ನೀರು ಹೋಗುತ್ತದೆ, ನೀರು ಕಮ್ಮಿಯಾದಷ್ಟೂ ಕೀಟೋನ್ ಏರುತ್ತದೆ. ಇದೇ ಡಯಾಬಿಟಿಕ್ ಕೀಟೋಆಸಿಡೋಸಿಸ್, ಆಸ್ಪತ್ರೆಯಲ್ಲಿ ಡಿಕೆಎ ಅಂತ ಕರೆಯುತ್ತಾರೆ. ಕೆಲವೇ ಗಂಟೆಗಳಲ್ಲಿ ಬಿಗಡಾಯಿಸಬಹುದು.

1922ರ ಜನವರಿಯಲ್ಲಿ ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಕೊಟ್ಟರು. ಜನವರಿ 11ರ ಆ ಇಂಜೆಕ್ಷನ್ ಅಷ್ಟು ಶುದ್ಧವಾಗಿರಲಿಲ್ಲ. ಶುಗರ್ ಸ್ವಲ್ಪ ಇಳಿಯಿತು, ಕೀಟೋನ್ ಮಾತ್ರ ಹಾಗೇ ಉಳಿಯಿತು. ಶುದ್ಧ ಮಾಡಿದ ಔಷಧಿಯನ್ನು ಜನವರಿ 23ರಿಂದ ಕೊಟ್ಟ ಮೇಲೆ ಮೂತ್ರದ ಕೀಟೋನ್ ಮಾಯವಾಯಿತು. ನೂರು ವರ್ಷ ಕಳೆದರೂ ಈ ವಿಷಯ ಬದಲಾಗಿಲ್ಲ. ನೀರು ಕುಡಿದರೆ ಸಹಾಯ ಆಗುತ್ತದೆ ನಿಜ, ಆದರೆ ಡಿಕೆಎಯಲ್ಲಿ ಕೀಟೋನ್ ತಯಾರಾಗುವುದನ್ನು ನಿಲ್ಲಿಸುವುದು ಇನ್ಸುಲಿನ್ ಮಾತ್ರ. ನಿಂಬೆರಸ, ಕಷಾಯ, ಮೆಂತ್ಯದ ನೀರು ಯಾವುದೂ ಅಲ್ಲ.

ಈಗಲೇ ಹೊರಡಬೇಕಾದ ಲಕ್ಷಣಗಳು

ಮುಂದಿನದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಇದನ್ನು ಈಗ ಓದಿ. ಶುಗರ್ ಇರುವವರಿಗೆ ವಾಂತಿ ನಿಲ್ಲುತ್ತಿಲ್ಲ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂದರೆ ಕಾಯಬೇಡಿ. ಹೊಟ್ಟೆನೋವು ಜೋರಾಗಿದ್ದರೆ, ಮಾತು ತೊದಲುತ್ತಿದ್ದರೆ, ಕೂಗಿದರೂ ಮಂಕಾಗಿ ಮತ್ತೆ ಕಣ್ಣು ಮುಚ್ಚುತ್ತಿದ್ದರೆ, ಗರ್ಭಿಣಿಯಾಗಿದ್ದು ಸ್ವಲ್ಪ ಕೀಟೋನ್ ಕಾಣಿಸಿದರೂ ಕಾಯಬೇಡಿ.

ಉಸಿರಾಟವನ್ನು ಹತ್ತಿರ ಕೂತು ನೋಡಿ. ಕೆಮ್ಮಿಲ್ಲ, ಎದೆಯಲ್ಲಿ ಗೊರಗೊರ ಇಲ್ಲ, ಮಲಗಿಯೇ ಇದ್ದಾರೆ, ಆದರೂ ಮೆಟ್ಟಿಲು ಹತ್ತಿ ಬಂದವರ ಥರ ಎದೆ ಹೊಟ್ಟೆ ಎರಡೂ ಎದ್ದು ಬೀಳುವಷ್ಟು ಆಳವಾಗಿ, ಒಂದೇ ಸಮನೆ ಉಸಿರು ಎಳೆಯುತ್ತಿದ್ದಾರೆ ಅಂದರೆ ಅದು ಆಮ್ಲದ ಉಸಿರು. ಕೆಲವರ ಬಾಯಿಂದ ಕೊಳೆತ ಹಣ್ಣಿನಂಥ, ನೇಲ್‌ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಬರುತ್ತದೆ. ಎಲ್ಲರ ಮೂಗಿಗೂ ಅದು ಗೊತ್ತಾಗುವುದಿಲ್ಲ, ಹಾಗಾಗಿ ವಾಸನೆ ಇಲ್ಲ ಅಂತ ನಿಶ್ಚಿಂತೆ ಬೇಡ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಗಾಡಿಯಲ್ಲಿ ಹೊರಡಿ. ಅವರನ್ನೇ ಗಾಡಿ ಓಡಿಸಲು ಬಿಡಬೇಡಿ.

ಇನ್ನೊಂದು ವಿಷಯ. ಮಕ್ಕಳಲ್ಲಿ ಟೈಪ್ 1 ಮೊದಲ ಬಾರಿ ಗೊತ್ತಾಗುವುದು ಎಷ್ಟೋ ಸಲ ಡಿಕೆಎ ಆದ ಮೇಲೆಯೇ. ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದೆ, ರಾತ್ರಿ ಎದ್ದೆದ್ದು ನೀರು ಕುಡಿಯುತ್ತಿದೆ, ಚೆನ್ನಾಗಿ ತಿಂದರೂ ಇಳಿದುಹೋಗುತ್ತಿದೆ, ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತಿದೆ ಅಂದರೆ ಅದೇ ದಿನ ಬೆರಳು ಚುಚ್ಚಿ ಶುಗರ್ ನೋಡಿಸಿ. ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗೋಣ ಅಂತ ತಡಮಾಡಬೇಡಿ. ಹೊಟ್ಟೆನೋವು, ವಾಂತಿ ಅಂತ ಅಜೀರ್ಣದ ಔಷಧಿ ಕೊಟ್ಟು, ಜೋರು ಉಸಿರಿಗೆ ನ್ಯುಮೋನಿಯಾ ಅಂತ ಆ್ಯಂಟಿಬಯಾಟಿಕ್ ಕೊಟ್ಟು ದಿನ ಕಳೆದುಹೋಗುವುದುಂಟು. ಡಾಕ್ಟರ್ ಬಳಿ ನೀವಾಗಿಯೇ ಕೇಳಿ, "ಒಂದು ಸಲ ಶುಗರ್ ನೋಡಿಬಿಡಿ ಸಾರ್" ಅಂತ. ಒಂದು ನಿಮಿಷದ ಕೆಲಸ.

ಹಂತ 1: ಸ್ಟ್ರಿಪ್ ಮೊದಲೇ ತಂದಿಡಿ

ಕಾಯಿಲೆ ಬಂದ ರಾತ್ರಿ ಹನ್ನೊಂದು ಗಂಟೆಗೆ ಕೀಟೋನ್ ಸ್ಟ್ರಿಪ್ ಹುಡುಕಿದರೆ ಸಿಗುವುದಿಲ್ಲ. ಸಣ್ಣ ಊರುಗಳ ಮೆಡಿಕಲ್ ಶಾಪ್‌ನಲ್ಲಿ ಹಗಲಲ್ಲೂ ಕಷ್ಟ, ಹೇಳಿ ತರಿಸಬೇಕು.

ಎರಡು ಥರ ಇವೆ. ಒಂದು ಮೂತ್ರದ ಸ್ಟ್ರಿಪ್, ಬಾಟಲಿಯಲ್ಲಿ ಬರುತ್ತದೆ, ಬೆಲೆ ಕಮ್ಮಿ. ಕೀಟೋ-ಡಯಾಸ್ಟಿಕ್ಸ್ ಅಂತ ಕೇಳಿದರೆ ಹಲವು ಅಂಗಡಿಯವರಿಗೆ ಗೊತ್ತಾಗುತ್ತದೆ. ಇನ್ನೊಂದು ರಕ್ತದ್ದು. ಅದಕ್ಕೆ ಕೀಟೋನ್ ಓದುವ ಮೀಟರ್ ಬೇಕು, ಸ್ಟ್ರಿಪ್ ಬೇರೆ, ಬೆಲೆಯೂ ಜಾಸ್ತಿ. ಶುಗರ್ ಸ್ಟ್ರಿಪ್ ಹಾಕಿದರೆ ಕೀಟೋನ್ ಬರುವುದಿಲ್ಲ.

ಕೊಳ್ಳುವ ಶಕ್ತಿ ಇದ್ದರೆ ರಕ್ತದ್ದನ್ನೇ ತಗೊಳ್ಳಿ ಅನ್ನುವುದು ನನ್ನ ಅಭಿಪ್ರಾಯ, ಮನೆಯಲ್ಲಿ ಟೈಪ್ 1 ಇರುವ ಮಗು ಇದ್ದರಂತೂ ಖಂಡಿತ. ರಕ್ತದ ಸ್ಟ್ರಿಪ್ ಈ ಕ್ಷಣದ ಸ್ಥಿತಿ ಹೇಳುತ್ತದೆ, ಮೂತ್ರದ್ದು ಹಿಂದಿನ ಕೆಲವು ಗಂಟೆಗಳದ್ದು. ಅದೂ ಅಲ್ಲದೆ ಎರಡೂ ಅಳೆಯುವುದು ಒಂದೇ ಕೀಟೋನ್ ಅಲ್ಲ. ರಕ್ತದ್ದು ನೋಡುವುದು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್, ಡಿಕೆಎಯಲ್ಲಿ ಜಾಸ್ತಿ ಇರುವುದು ಅದೇ. ಮೂತ್ರದ್ದು ನೋಡುವುದು ಅಸಿಟೋಅಸಿಟೇಟ್. ಚಿಕಿತ್ಸೆ ಶುರುವಾದ ಮೇಲೆ ಮೊದಲನೆಯದು ಎರಡನೆಯದಾಗಿ ಬದಲಾಗುವುದರಿಂದ, ರೋಗಿ ಸುಧಾರಿಸುತ್ತಿದ್ದರೂ ಮೂತ್ರದ ಸ್ಟ್ರಿಪ್ ಇನ್ನೂ ಗಾಢವಾಗಿಯೇ ಕಾಣಬಹುದು. ಕೊಳ್ಳಲು ಆಗದಿದ್ದರೆ ಮೂತ್ರದ್ದೇ ಸಾಕು. ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ಹಂತ 2: ಸರಿಯಾಗಿ ನೋಡುವುದು

ಮೂತ್ರದ ಸ್ಟ್ರಿಪ್ ಸುಲಭ ಅನ್ನಿಸುತ್ತದೆ, ತಪ್ಪು ಓದುವುದೂ ಅಷ್ಟೇ ಸುಲಭ. ಮೊದಲು ಬಾಟಲಿಯ ಮೇಲಿನ ಎಕ್ಸ್‌ಪೈರಿ ನೋಡಿ. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬಾಟಲಿಯ ಮೇಲೇ ಬರೆದಿಡಿ, ತೆರೆದ ಮೇಲೆ ಸಾಮಾನ್ಯವಾಗಿ 6 ತಿಂಗಳು ಮಾತ್ರ ನಂಬಬಹುದು. ಒಣಗಿದ ಕೈಯಲ್ಲಿ ಒಂದು ಪಟ್ಟಿ ತೆಗೆದು ತಕ್ಷಣ ಮುಚ್ಚಳ ಬಿಗಿ ಮಾಡಿ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಜೂನ್-ಜುಲೈನಲ್ಲಿ ಗಾಳಿಯೇ ಒದ್ದೆ ಇರುತ್ತದೆ, ಮುಚ್ಚಳ ಸಡಿಲ ಬಿಟ್ಟರೆ ಇಡೀ ಬಾಟಲಿ ಹಾಳು. ಫ್ರಿಜ್‌ನಲ್ಲೂ ಇಡಬಾರದು, ಬಾತ್‌ರೂಮ್ ಶೆಲ್ಫಿನಲ್ಲೂ ಇಡಬಾರದು.

ಆಗತಾನೇ ಮಾಡಿದ ಮೂತ್ರವನ್ನು ಶುದ್ಧವಾದ ಲೋಟದಲ್ಲಿ ಹಿಡಿದು, ಪಟ್ಟಿಯ ಬಣ್ಣದ ತುದಿಯನ್ನು ಅದ್ದಿ ತಕ್ಷಣ ತೆಗೆಯಿರಿ. ಲೋಟದ ಅಂಚಿಗೆ ಒರೆಸಿದಂತೆ ತಾಗಿಸಿ ಹೆಚ್ಚಿನ ಹನಿ ಬೀಳಿಸಿ. ಆಮೇಲೆ ಮೊಬೈಲಿನ ಟೈಮರ್ ನೋಡಿ. ಕೀಟೋನ್ ಚೌಕವನ್ನು ಬಾಟಲಿಯಲ್ಲಿ ಬರೆದಷ್ಟೇ ಸೆಕೆಂಡಿಗೆ ಓದಬೇಕು, ಕೀಟೋ-ಡಯಾಸ್ಟಿಕ್ಸ್‌ನಲ್ಲಾದರೆ 15 ಸೆಕೆಂಡ್. ಮಾಸಲು ತಿಳಿಬಣ್ಣ ಹಾಗೇ ಇದ್ದರೆ ಇಲ್ಲ ಅಂತ. ನಸುಗುಲಾಬಿಯಿಂದ ಶುರುವಾಗಿ ಕೆನ್ನೇರಳೆಯವರೆಗೆ ಹೋಗುತ್ತದೆ. ಎರಡು ನಿಮಿಷ ಬಿಟ್ಟು ಬಂದು ನೋಡಿದರೆ ಬಣ್ಣ ಇನ್ನಷ್ಟು ಕಪ್ಪಾಗಿ ಸುಮ್ನೆ ಹೆದರಿಸುತ್ತದೆ. ಹಳದಿ ಬಲ್ಬಿನ ಕೆಳಗೆ ಬೇಡ, ಬಿಳಿ ಬೆಳಕಲ್ಲಿ ಬಾಟಲಿಯ ಬಣ್ಣದ ಪಟ್ಟಿಯ ಪಕ್ಕದಲ್ಲೇ ಹಿಡಿದು ಹೋಲಿಸಿ. ವಿಟಮಿನ್ ಸಿ ಮಾತ್ರೆ ಜಾಸ್ತಿ ತಗೊಂಡಿದ್ದರೆ ಇದ್ದ ಕೀಟೋನ್ ಕೂಡ ಕಾಣದೇ ಹೋಗಬಹುದು. ಬಿಪಿಗೆ ಕೊಡುವ ಕ್ಯಾಪ್ಟೊಪ್ರಿಲ್ ಮಾತ್ರೆಯಿಂದ ಇಲ್ಲದ್ದೂ ಇದೆ ಅಂತ ಕಾಣಬಹುದು.

ರಕ್ತದ್ದಕ್ಕೆ ಇಷ್ಟೆಲ್ಲ ಇಲ್ಲ. ಕೈ ತೊಳೆದು ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಹನಿ ತಾಗಿಸಿ. ಕೆಲವು ಸೆಕೆಂಡಿನಲ್ಲಿ ಸಂಖ್ಯೆ ಬರುತ್ತದೆ.

ಯಾವಾಗ ನೋಡಬೇಕು? ದಿನಾ ಬೇಕಿಲ್ಲ. ಟೈಪ್ 1 ಇರುವವರು ಶುಗರ್ 250 ದಾಟಿ, ಇಂಜೆಕ್ಷನ್ ತಗೊಂಡ ಮೇಲೂ ಎರಡು ಮೂರು ಗಂಟೆ ಇಳಿಯದಿದ್ದಾಗ ನೋಡಬೇಕು. ಜ್ವರ, ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಶುಗರ್ ಎಷ್ಟೇ ಇರಲಿ, ನೋಡಲೇಬೇಕು. ಇನ್ಸುಲಿನ್ ಪಂಪ್ ಹಾಕಿಕೊಂಡವರಿಗೆ ಇನ್ನೂ ಎಚ್ಚರ ಬೇಕು. ಪಂಪ್‌ನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ, ರಾತ್ರಿ ಟ್ಯೂಬ್ ಮಡಚಿಕೊಂಡರೆ ಬೆಳಗಾಗುವಷ್ಟರಲ್ಲಿ ಕೀಟೋನ್ ಏರಿರುತ್ತದೆ. ಕೀಟೋನ್ ಬಂದರೆ ಪಂಪ್ ಮೇಲೆ ಭರವಸೆ ಇಡದೆ ಪೆನ್ನಿನಲ್ಲೋ ಸಿರಿಂಜಿನಲ್ಲೋ ಇಂಜೆಕ್ಷನ್ ತಗೊಂಡು, ಆಮೇಲೆ ಪಂಪ್‌ನ ಟ್ಯೂಬ್ ಸೆಟ್ ಬದಲಾಯಿಸಿ.

ಹಂತ 3: ಸಂಖ್ಯೆಯ ಅರ್ಥ

ನಮ್ಮಲ್ಲಿ ಶುಗರ್ ಮಿಲಿಗ್ರಾಂ ಲೆಕ್ಕದಲ್ಲಿ ಬರುತ್ತದೆ, ಕೀಟೋನ್ ಮಿಲಿಮೋಲ್ ಲೆಕ್ಕದಲ್ಲಿ. ಹಾಗಾಗಿ ಕೀಟೋನ್ ಮೀಟರ್‌ನಲ್ಲಿ 3 ಅಂತ ಬಂದರೆ "ಬರೀ ಮೂರು ತಾನೇ" ಅನ್ನಿಸುತ್ತದೆ. ಹಾಗಲ್ಲ.

0.6ಕ್ಕಿಂತ ಕಮ್ಮಿ ಇದ್ದರೆ ಸರಿಯಾಗಿದೆ. 0.6ರಿಂದ 1.5ರವರೆಗೆ ಸ್ವಲ್ಪ ಏರಿದೆ ಅಂತ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ. 1.5 ದಾಟಿದರೆ ಡಿಕೆಎ ಆಗುವ ಅಪಾಯ ನಿಜವಾಗಿಯೂ ಇದೆ, ಡಾಕ್ಟರ್‌ಗೆ ಫೋನ್ ಮಾಡಲೇಬೇಕು. 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಸ್ಪತ್ರೆ, ಆಗಲೇ. ಮೂತ್ರದಲ್ಲಾದರೆ ಎರಡು ಪ್ಲಸ್ ಅಥವಾ ಅದಕ್ಕಿಂತ ಜಾಸ್ತಿ ಬಂದಾಗ ಇದೇ ಮಾತು.

ಶುಗರ್ ಮತ್ತು ಕೀಟೋನ್ ಎರಡನ್ನೂ ಜೊತೆಯಲ್ಲಿಟ್ಟು ಓದಬೇಕು. ಶುಗರ್ 300 ಇದ್ದು ಕೀಟೋನ್ 0.2 ಇದ್ದರೆ ಡಾಕ್ಟರ್ ಹೇಳಿಕೊಟ್ಟ ಮಾಮೂಲಿ ಕರೆಕ್ಷನ್ ಡೋಸ್ (ಏರಿದ ಶುಗರ್ ಇಳಿಸಲು ತಗೊಳ್ಳುವ ಇನ್ಸುಲಿನ್) ಸಾಕಾಗುತ್ತದೆ. ಅದೇ 300ರ ಜೊತೆ ಕೀಟೋನ್ 2.2 ಇದ್ದರೆ ಇನ್ಸುಲಿನ್ ತೀರಾ ಸಾಲುತ್ತಿಲ್ಲ ಅಂತ ಅರ್ಥ. ಶುಗರ್ 90 ಇದ್ದು ಕೀಟೋನ್ 0.9 ಇದ್ದರೆ ಬಹಳ ಹೊತ್ತು ಏನೂ ತಿಂದಿಲ್ಲದ್ದರಿಂದ ಬಂದಿರಬಹುದು, ಏನಾದರೂ ಹಿಟ್ಟಿನ ಪದಾರ್ಥ ತಿಂದು, ಅದಕ್ಕೆ ತಕ್ಕ ಇನ್ಸುಲಿನ್ ತಗೊಂಡು ಮತ್ತೆ ನೋಡಬೇಕು. ಗ್ಲುಕೋಮೀಟರ್‌ನಲ್ಲಿ ಸಂಖ್ಯೆ ಬದಲು "ಹೈ" ಅಂತ ಬಂದರೆ ಅದು ಮೀಟರ್ ಕೆಟ್ಟದ್ದಲ್ಲ, ಅಳೆಯುವ ಮಿತಿ ದಾಟಿದೆ ಅಂತ. ಬಹಳ ಮೀಟರ್‌ಗಳಲ್ಲಿ ಆ ಮಿತಿ 600.

ಹಂತ 4: ಮನೆಯಲ್ಲಿ ಏನು ಮಾಡಬೇಕು

ಮೊದಲನೆಯದು, ದಿನಕ್ಕೊಂದು ಅಥವಾ ಎರಡು ಸಲ ತಗೊಳ್ಳುವ ಉದ್ದ ಕಾಲದ ಇನ್ಸುಲಿನ್, ಅಂದರೆ ಗ್ಲಾರ್ಜಿನ್, ಡೆಗ್ಲುಡೆಕ್ ಥರದ್ದು, ಅದನ್ನು ನಿಲ್ಲಿಸಬೇಡಿ. ಏನೂ ತಿನ್ನದಿದ್ದರೂ. ಊಟದ ಜೊತೆಗಿನ ಡೋಸ್ ಮಾತ್ರ ಊಟಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ನಮ್ಮಲ್ಲಿ ತುಂಬಾ ಜನ ತಗೊಳ್ಳುವುದು ಬೆಳಗ್ಗೆ ಸಂಜೆಯ 30/70 ಮಿಕ್ಸ್. ಅದರಲ್ಲಿ ಎರಡೂ ಬೆರೆತಿರುವುದರಿಂದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲ. ಮಿಕ್ಸ್ ತಗೊಳ್ಳುವವರು ಊಟ ಸೇರದ ದಿನ ಎಷ್ಟು ಯೂನಿಟ್ ತಗೊಳ್ಳಬೇಕು ಅಂತ ಆರೋಗ್ಯ ಚೆನ್ನಾಗಿರುವಾಗಲೇ ಡಾಕ್ಟರ್ ಹತ್ತಿರ ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ.

ಎರಡನೆಯದು, ಹೆಚ್ಚುವರಿ ಇನ್ಸುಲಿನ್. ಕೀಟೋನ್ ಏರಿದಾಗ ಬೇಗ ಕೆಲಸ ಮಾಡುವ ಇನ್ಸುಲಿನ್‌ನ ಹೆಚ್ಚುವರಿ ಡೋಸ್ ಬೇಕಾಗುತ್ತದೆ. ದೊಡ್ಡವರಿಗೆ ಡಾಕ್ಟರ್‌ಗಳು ಬರೆದುಕೊಡುವ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಕೀಟೋನ್ 1.5ರಿಂದ 3ರ ನಡುವೆ ಇದ್ದರೆ ದಿನದ ಒಟ್ಟು ಇನ್ಸುಲಿನ್‌ನ ಶೇ 10, 3 ದಾಟಿದರೆ ಶೇ 20 (ಆಗ ಆಸ್ಪತ್ರೆಗೆ ಹೊರಡುವುದನ್ನು ಮಾತ್ರ ತಡಮಾಡಬಾರದು). ದಿನಕ್ಕೆ ಒಟ್ಟು 40 ಯೂನಿಟ್ ತಗೊಳ್ಳುವವರಿಗೆ ಅದು 4 ಯೂನಿಟ್ ಅಥವಾ 8 ಯೂನಿಟ್ ಆಗುತ್ತದೆ. ಇದನ್ನು ಹೇಳುತ್ತಿರುವುದು ಲೆಕ್ಕ ಹೇಗಿರುತ್ತದೆ ಅಂತ ಗೊತ್ತಾಗಲಿ ಅಂತ. ನಿಮ್ಮ ಸಂಖ್ಯೆ ನಿಮ್ಮ ಡಾಕ್ಟರ್ ಬರೆದುಕೊಟ್ಟದ್ದೇ ಆಗಿರಲಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ ಇದು ಬೇರೆ. ಶುಗರ್ ಕಮ್ಮಿ ಇದ್ದು ಕೀಟೋನ್ ಜಾಸ್ತಿ ಇದ್ದರೆ ಸಕ್ಕರೆ ಇರುವ ಪಾನೀಯ ಮತ್ತು ಇನ್ಸುಲಿನ್ ಎರಡೂ ಬೇಕಾಗುತ್ತದೆ, ಫೋನಿನಲ್ಲಿ ಡಾಕ್ಟರ್ ಮಾತು ಕೇಳದೆ ಅದನ್ನು ಮಾಡಲು ಹೋಗಬೇಡಿ.

ಮೂರನೆಯದು, ನೀರು. ಗಂಟೆಗೆ ಒಂದು ಲೋಟದಷ್ಟು, ಗುಟುಕು ಗುಟುಕಾಗಿ. ಒಂದೇ ಸಲ ಗಟಗಟ ಕುಡಿದರೆ ವಾಂತಿಯಾಗಿ ಹೊರಗೆ ಬರುತ್ತದೆ. ಶುಗರ್ 250ರ ಮೇಲಿದ್ದರೆ ನೀರು, ಉಪ್ಪು ಹಾಕಿದ ತೆಳು ಮಜ್ಜಿಗೆ, ಸಕ್ಕರೆ ಇಲ್ಲದ ನಿಂಬೆ ಶರಬತ್ತು, ತಿಳಿಸಾರು. ಶುಗರ್ ಇಳಿದು 180ರ ಸುಮಾರಿಗೆ ಬಂದರೆ ರಾಗಿ ಗಂಜಿ, ಅಕ್ಕಿ ಗಂಜಿ, ಎಳನೀರು. ಕಿಡ್ನಿ ತೊಂದರೆ ಇರುವವರಿಗೆ ಎಳನೀರಿನ ಪೊಟ್ಯಾಸಿಯಂ ಆಗುವುದಿಲ್ಲ, ಹೃದಯದ ತೊಂದರೆ ಇರುವವರು ನೀರಿನ ಅಳತೆಯನ್ನೇ ಡಾಕ್ಟರ್ ಹತ್ತಿರ ಕೇಳಬೇಕು. ಓಆರ್‌ಎಸ್ ತಗೊಳ್ಳುವುದಾದರೆ ಒಂದು ಲೀಟರ್ ನೀರಿಗೆ ಬೆರೆಸುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಪೊಟ್ಟಣ ತಗೊಳ್ಳಿ. ಟೆಟ್ರಾ ಪ್ಯಾಕ್‌ನ ಹಣ್ಣಿನ ರುಚಿಯ ಪಾನೀಯಗಳಲ್ಲಿ ಸಕ್ಕರೆ ಅದಕ್ಕಿಂತ ಎಷ್ಟೋ ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥವು ಓಆರ್‌ಎಸ್ ಅನ್ನುವ ಹೆಸರು ಹಾಕಿಕೊಳ್ಳಬಾರದು ಅಂತ ಆದೇಶ ಮಾಡಿದೆ.

ನಾಲ್ಕನೆಯದು, ವಾಕಿಂಗ್ ಬೇಡ. ಶುಗರ್ ಜಾಸ್ತಿ ಇದೆ, ಪಾರ್ಕಿಗೆ ನಾಲ್ಕು ಸುತ್ತು ಹಾಕಿ ಬಂದರೆ ಇಳಿಯುತ್ತದೆ ಅಂತ ಅಂದುಕೊಳ್ಳುವವರಿದ್ದಾರೆ. ಕೀಟೋನ್ ಇರುವಾಗ ನಡೆದರೆ ಇನ್ನೂ ಏರುತ್ತದೆ. ಮಲಗಿ.

ಎರಡು ಗಂಟೆಗೊಮ್ಮೆ ಶುಗರ್, ಕೀಟೋನ್ ಎರಡೂ ನೋಡಿ ಸಮಯದ ಜೊತೆ ಬರೆದಿಡಿ. ರಾತ್ರಿಯೂ ಅಷ್ಟೇ. ಒಬ್ಬರೇ ಇದ್ದರೆ ಪಕ್ಕದ ಮನೆಯವರಿಗಾದರೂ ಹೇಳಿಡಿ, ಪಿಜಿ ಹಾಸ್ಟೆಲಿನಲ್ಲಿರುವ ಮಕ್ಕಳು ರೂಮ್‌ಮೇಟ್‌ಗೆ ವಿಷಯ ಮುಚ್ಚಿಡಬೇಡಿ. ಎರಡು ಸಲ ನೋಡಿದರೂ ಕೀಟೋನ್ ಇಳಿಯದಿದ್ದರೆ ಅಥವಾ ಏರುತ್ತಿದ್ದರೆ ಮನೆಯಲ್ಲಿ ಕೂರಬೇಡಿ.

ಹಂತ 5: ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಇಲ್ಲಿ ಒಂದು ವಿಷಯಕ್ಕೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸುಸ್ತಾದರೆ ಬೀದಿಯ ಕ್ಲಿನಿಕ್‌ಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವುದು ನಮ್ಮ ಕಡೆ ರೂಢಿ. ಡಿಕೆಎ ಆಗಿರುವವರಿಗೆ ಶುಗರ್ ನೋಡದೆ, ಇನ್ಸುಲಿನ್ ಇಲ್ಲದೆ ಗ್ಲೂಕೋಸ್ ಹಾಕಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಆ ಹೊತ್ತಿಗೆ ಬೇಕಾದದ್ದು ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್), ರಕ್ತನಾಳದ ಮೂಲಕ ಸಮನಾಗಿ ಇನ್ಸುಲಿನ್, ಗಂಟೆಗಂಟೆಗೂ ಶುಗರ್, ಕೆಲವು ಗಂಟೆಗೊಮ್ಮೆ ಪೊಟ್ಯಾಸಿಯಂ ಟೆಸ್ಟ್. ಹಾಗಾಗಿ ರಕ್ತ ಎಷ್ಟು ಹುಳಿಯಾಗಿದೆ ಅಂತ ನೋಡುವ ಎಬಿಜಿ ರಕ್ತಪರೀಕ್ಷೆ, ಪೊಟ್ಯಾಸಿಯಂ ಪರೀಕ್ಷೆ, ಐಸಿಯು ಇರುವ ಆಸ್ಪತ್ರೆಗೇ ನೇರ ಹೋಗಿ. ನಿಮ್ಮ ಊರಿಗೆ ಅಂಥದ್ದು ಯಾವುದು ಹತ್ತಿರ ಅಂತ ಈ ವಾರವೇ ವಿಚಾರಿಸಿಟ್ಟುಕೊಳ್ಳಿ.

ಎಮರ್ಜೆನ್ಸಿಯಲ್ಲಿ ಮೊದಲ ವಾಕ್ಯವೇ ಇದಾಗಿರಲಿ: "ಇವರಿಗೆ ಟೈಪ್ 1 ಶುಗರ್ ಇದೆ, ಕೀಟೋನ್ ಮೂರೂವರೆ ಇದೆ, ಕಡೆಯ ಇನ್ಸುಲಿನ್ ಬೆಳಗ್ಗೆ ಎಂಟಕ್ಕೆ ಹನ್ನೆರಡು ಯೂನಿಟ್." ಬರೆದ ಚೀಟಿ ತೋರಿಸಿ. ಬರೀ "ವಾಂತಿ ಸಾರ್, ಸುಸ್ತು ಸಾರ್" ಅಂದರೆ ಸಾಲಿನಲ್ಲಿ ಕೂರಬೇಕಾಗಬಹುದು.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಹೊರಗೆ ಕಾಯುವವರಿಗೆ ಧೈರ್ಯ ಬರುತ್ತದೆ. ರಕ್ತದ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ) 7.3ಕ್ಕಿಂತ ಕೆಳಗೆ ಅಥವಾ ಆಮ್ಲವನ್ನು ತಡೆಯುವ ಬೈಕಾರ್ಬೊನೇಟ್ 18ಕ್ಕಿಂತ ಕೆಳಗೆ ಇದ್ದು, ಕೀಟೋನ್ 3 ಅಥವಾ ಜಾಸ್ತಿ ಇದ್ದರೆ ಡಿಕೆಎ ಅಂತ ತೀರ್ಮಾನ ಮಾಡುತ್ತಾರೆ. ಇನ್ಸುಲಿನ್ ಕೊಟ್ಟಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ತೀರಾ ಇಳಿದರೆ ಹೃದಯದ ಬಡಿತಕ್ಕೇ ಅಪಾಯ, ಅದಕ್ಕೇ ಪದೇ ಪದೇ ರಕ್ತ ತೆಗೆಯುವುದು. ಸ್ವಲ್ಪ ಹೊತ್ತಿಗೆ ಶುಗರ್ 250ರ ಸುಮಾರಿಗೆ ಇಳಿದಾಗ ಅವರೇ ಗ್ಲೂಕೋಸ್ ಡ್ರಿಪ್ ಸೇರಿಸುತ್ತಾರೆ. "ಶುಗರ್ ಪೇಷಂಟ್‌ಗೆ ಗ್ಲೂಕೋಸ್ ಯಾಕೆ" ಅಂತ ಜಗಳಕ್ಕೆ ಹೋಗಬೇಡಿ. ಶುಗರ್ ಇಳಿದರೂ ಕೀಟೋನ್ ಇನ್ನೂ ಹೋಗಿರುವುದಿಲ್ಲ, ಅದು ಹೋಗುವವರೆಗೆ ಇನ್ಸುಲಿನ್ ನಡೆಯಬೇಕು, ಇನ್ಸುಲಿನ್ ನಡೆಯಬೇಕಾದರೆ ಗ್ಲೂಕೋಸ್ ಬೇಕು. ಮಕ್ಕಳಲ್ಲಿ ಮಿದುಳು ಊದಿಕೊಳ್ಳುವ ಅಪಾಯ ಇರುವುದರಿಂದ ಡ್ರಿಪ್ ನಿಧಾನವಾಗಿ ಕೊಡುತ್ತಾರೆ. ಮಗು ತಲೆನೋವು ಅಂತ ಅತ್ತರೆ, ಏನೋ ಬೇರೆ ಥರ ಆಡುತ್ತಿದೆ ಅನ್ನಿಸಿದರೆ ತಕ್ಷಣ ನರ್ಸ್‌ಗೆ ಹೇಳಿ.

ಟೈಪ್ 2 ಇರುವವರು, ನಿಮ್ಮ ಮಾತ್ರೆ ಪಟ್ಟಿ ತೆಗೆದು ನೋಡಿ

ಇಲ್ಲಿಯವರೆಗೆ ಓದಿ "ನಮಗೆ ಟೈಪ್ 2, ಇದು ನಮ್ಮ ಸಮಾಚಾರ ಅಲ್ಲ" ಅಂದುಕೊಂಡಿರಬಹುದು. ಮಾತ್ರೆಯ ಹಿಂದೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್, ಹೀಗೆ ಫ್ಲೋಜಿನ್ ಅಂತ ಮುಗಿಯುವ ಹೆಸರಿದೆಯಾ ನೋಡಿ. ಮೆಟ್‌ಫಾರ್ಮಿನ್ ಜೊತೆ, ಸಿಟಾಗ್ಲಿಪ್ಟಿನ್ ಜೊತೆ ಸೇರಿಸಿಯೂ ಬರುತ್ತದೆ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಭಾರತದಲ್ಲಿ 2020ರ ಅಕ್ಟೋಬರ್‌ನಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಬೆಲೆ ಇಳಿದು, ಇವು ಬಹಳ ಜನರಿಗೆ ಸಿಗುವಂತಾಗಿವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಔಷಧಿಗಳು, ಹೆದರಿ ಬಿಟ್ಟುಬಿಡಬೇಡಿ. ಆದರೆ ಒಂದು ವಿಷಯ ಗೊತ್ತಿರಲೇಬೇಕು.

ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಅದರಿಂದ ಡಿಕೆಎ ಆದರೂ ಶುಗರ್ 150, 180, 200 ಅಷ್ಟೇ ತೋರಿಸಬಹುದು. ಅಪರೂಪ, ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಮೇ ತಿಂಗಳಲ್ಲೇ ಎಚ್ಚರಿಸಿದೆ. ಶುಗರ್ ನೋಡಿ ಎಲ್ಲ ಸರಿ ಇದೆ ಅಂತ ಮನೆಗೆ ಕಳಿಸಿದರೆ ಕೆಲಸ ಕೆಡುತ್ತದೆ. ಈ ಮಾತ್ರೆ ತಗೊಳ್ಳುವವರಿಗೆ ವಾಂತಿ, ಹೊಟ್ಟೆನೋವು, ಕಾರಣ ಇಲ್ಲದ ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ, ರಕ್ತದ ಕೀಟೋನ್ ಮಾಡಿಸಲೇಬೇಕು. ಮೂತ್ರದ ಟೆಸ್ಟ್ ಇವರಲ್ಲಿ ಕೀಟೋನನ್ನು ಕಮ್ಮಿ ತೋರಿಸಬಹುದು. ಆಪರೇಷನ್ ಇದ್ದರೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಸರ್ಜನ್‌ಗೂ ಅರಿವಳಿಕೆ ಡಾಕ್ಟರ್‌ಗೂ ನೀವೇ ನೆನಪಿಸಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು, ತೂಕ ಇಳಿಸಲು ಅನ್ನ ಮುದ್ದೆ ಚಪಾತಿ ಎಲ್ಲ ಬಿಟ್ಟು ಕೀಟೋ ಡಯಟ್ ಶುರು ಮಾಡುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಈ ಮಾತ್ರೆ ಮತ್ತು ಕೀಟೋ ಡಯಟ್ ಒಟ್ಟಿಗೆ ಬೇಡವೇ ಬೇಡ. ಕುಡಿತವೂ ಅಪಾಯ ಹೆಚ್ಚಿಸುತ್ತದೆ. ವಾಂತಿ ಭೇದಿ ಇರುವ ದಿನ ಮೆಟ್‌ಫಾರ್ಮಿನ್, ಕೆಲವು ಬಿಪಿ ಮಾತ್ರೆಗಳನ್ನೂ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಬಹುದು, ಫೋನ್ ಮಾಡಿ ಕೇಳಿ.

ಸರಿಯಾಗಿ ತಗೊಂಡರೂ ಕೀಟೋನ್ ಬರುತ್ತಿದ್ದರೆ

ಆಗ ಇನ್ಸುಲಿನ್ ಮತ್ತು ಸಿರಿಂಜ್ ಕಡೆ ನೋಡಿ. ನಮ್ಮಲ್ಲಿ ಸಣ್ಣ ಬಾಟಲಿಯ ಇನ್ಸುಲಿನ್ ಬಹುಪಾಲು ಯು-40 (ಒಂದು ಎಂಎಲ್‌ಗೆ 40 ಯೂನಿಟ್), ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ ಯು-100 (ಎಂಎಲ್‌ಗೆ 100 ಯೂನಿಟ್). ಯು-100 ಸಿರಿಂಜ್‌ನ ಮುಚ್ಚಳ ಕಿತ್ತಳೆ ಬಣ್ಣದ್ದು. ಅಂಗಡಿಯವರು ಕಿತ್ತಳೆ ಮುಚ್ಚಳದ್ದು ಕೊಟ್ಟು, ನೀವು ಯು-40 ಬಾಟಲಿಯಿಂದ ಅದರ 20ನೇ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ತಿಂಗಳುಗಟ್ಟಲೆ ಅರ್ಧಕ್ಕಿಂತ ಕಮ್ಮಿ ಡೋಸ್. ಉಲ್ಟಾ ಆದರೆ ಎರಡೂವರೆ ಪಟ್ಟು ಹೋಗಿ ಶುಗರ್ ಕುಸಿಯುತ್ತದೆ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜ್ ಮೇಲಿನ ಸಂಖ್ಯೆ ಎರಡನ್ನೂ ಅಕ್ಕಪಕ್ಕ ಹಿಡಿದು ಓದಿ, ಪ್ರತಿ ಸಲ ಹೊಸ ಪ್ಯಾಕ್ ತಂದಾಗಲೂ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಕಾರಿನಲ್ಲೋ ಕಿಟಕಿ ಪಕ್ಕದಲ್ಲೋ ಬಿಟ್ಟ ಇನ್ಸುಲಿನ್ ಸತ್ವ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ತೆರೆಯದ್ದು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರ್‌ಗೆ ತಾಗದ ಹಾಗೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸಬಾರದು. ಕರೆಂಟ್ ಸರಿಯಾಗಿ ಇರದ ಊರಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಬಾಟಲಿಯನ್ನು ಒದ್ದೆಯಾಗದಂತೆ ಡಬ್ಬಿಯಲ್ಲಿಟ್ಟು, ನೆರಳಲ್ಲಿ ಇಡಬಹುದು. ಅನುಮಾನ ಬಂದರೆ ಹೊಸ ಬಾಟಲಿ ತೆರೆಯಿರಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾಗಿದ್ದರೂ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಜಾಗ ಬದಲಾಯಿಸಿ.

ಒಮ್ಮೆ ಡಿಕೆಎ ಆಗಿ ಮನೆಗೆ ಬಂದವರಿಗೆ ಕಡೆಯ ಮಾತು. ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮುಂಚೆ ಡಾಕ್ಟರ್ ಹತ್ತಿರ ಮೂರು ವಿಷಯ ಕೇಳಿ: ಈ ಸಲ ಯಾವ ಕಾರಣಕ್ಕೆ ಬಂತು, ಕಾಯಿಲೆ ಬಿದ್ದ ದಿನ ಎಷ್ಟು ಯೂನಿಟ್, ರಾತ್ರಿ ಹೊತ್ತು ಯಾವ ನಂಬರಿಗೆ ಫೋನ್ ಮಾಡಬೇಕು. ಫ್ಲೋಜಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ನೀವಾಗಿ ಮತ್ತೆ ಶುರು ಮಾಡಬೇಡಿ. ಮನೆಯಲ್ಲಿ ಉಳಿದ ಪಟ್ಟಿಗಳನ್ನು ತೆಗೆದು ಬೇರೆ ಇಡಿ, ಮನೆಯವರು ಹಳೇ ಅಭ್ಯಾಸದಲ್ಲಿ ಮತ್ತೆ ಕೊಟ್ಟುಬಿಡುವುದುಂಟು.